ಓಡುವಾಗ ನೋಡುವ ಎಣ್ಣೆ

ಬಾನೆಟ್ಟಿನೊಳಗೆ ತಲೆ ಹಾಕಿ ನಿಂತ ಸ್ವರ್ಣಲತಾಳಿಗೆ ಬೆನ್ನ ಹಿಂದೆ ಗಂಡ ಕೂತಿದ್ದಾನೆ ಎಂಬುದೊಂದೇ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಕಣ್ಣೆದುರಿಗಿದ್ದ ಪೈಪು, ವಯರು, ಕಪ್ಪು ಮುಚ್ಚಳಗಳಲ್ಲಿ ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಉಮಾನಾಥನನ್ನು ಅವಳೇ ಎಬ್ಬಿಸಿ, ಮೈ ಒರೆಸಿ, ಇಸ್ತ್ರಿ ಹಾಕಿದ ಅಂಗಿ ತೊಡಿಸಿ, ಸಿಟ್‌ಔಟಿನ ಕುರ್ಚಿಯಲ್ಲಿ ಅಂಗಳಕ್ಕೆ ಮುಖ ಮಾಡಿ ಕೂರಿಸಿದ್ದಳು. ಒಳಗೇ ಕೂರಿಸಬಹುದಿತ್ತು. ಟೀವಿ ಹಾಕಿಬಿಟ್ಟಿದ್ದರೆ ಅವನು ಅದನ್ನೇ ನೋಡುತ್ತ ಇರುತ್ತಿದ್ದ. ಹಾಗೆ ಯಾಕೆ ಮಾಡಲಿಲ್ಲ ಎಂದು ಕೇಳಿಕೊಂಡರೆ ಸಿಗುವ ಉತ್ತರ ಅವಳಿಗೆ ಹಿಡಿಸುತ್ತಿರಲಿಲ್ಲ. ಅವನು ನೋಡಲಿ ಎಂದೇ ಇರಬೇಕು. ಕಾರ್ಕಳದ ಅರ್ಧ ಊರಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದ ಡ್ರೈವಿಂಗ್ ಸ್ಕೂಲಿನ ಉಮಾನಾಥ ಮಾಸ್ಟ್ರು, ಪಾರ್ಶ್ವವಾಯು ಬಡಿದು ಬಲಗೈ ಬಲಗಾಲಿನ ಜತೆ ಮಾತನ್ನೂ ಕಳೆದುಕೊಂಡು ಕೂತಿರುವಾಗ, ಅವರ ಹೆಂಡತಿ ಬಾನೆಟ್ಟು ಎತ್ತುವುದನ್ನು ನೋಡಲಿ. ನೋಡಿ, ಏನೂ ಹೇಳಲಾಗದೆ ಸುಮ್ಮನಿರಲಿ. ಈ ಯೋಚನೆ ಬಂದದ್ದೇ ಅವಳಿಗೆ ನಾಚಿಕೆಯಾಯಿತು. ಚೂಡಿದಾರದ ವೇಲಿನಿಂದ ಕುತ್ತಿಗೆ ಒರೆಸಿಕೊಂಡು ಮೆಕ್ಯಾನಿಕ್ ಎಡ್ವಿನ್ ಫೋನಿನಲ್ಲಿ ಹೇಳಿದ ಕೆಂಪು ಕೊಕ್ಕೆಯನ್ನು ಹುಡುಕತೊಡಗಿದಳು.

ಕಾರು ಕೆಲವು ದಿನಗಳಿಂದ ಸತಾಯಿಸುತ್ತಿತ್ತು. ನಿಂತಲ್ಲಿಂದ ಹೊರಡುವಾಗ ಒಂದು ಗಳಿಗೆ ಯೋಚನೆ ಮಾಡಿ, ಆಮೇಲೆ ಯಾರೋ ಹಿಂದಿನಿಂದ ದೂಡಿದ ಹಾಗೆ ಜಗ್ಗಿಕೊಂಡು ಮುಂದೆ ಹೋಗುತ್ತಿತ್ತು. ಹಳೆಯ ಆಟೋಮ್ಯಾಟಿಕ್ ಗಾಡಿ. ಇದರ ಸಹವಾಸ ಬೇಡವೆಂದು ಪೇಟೆಯ ಮೆಕ್ಯಾನಿಕ್ಕುಗಳೆಲ್ಲ ಕೈಬಿಟ್ಟ ಮೇಲೆ ಎಡ್ವಿನ್ ಒಬ್ಬನೇ ಅದರ ಹೊಟ್ಟೆಗೆ ಕೈ ಹಾಕುತ್ತಿದ್ದ. ಬೆಳಿಗ್ಗೆ ಫೋನು ಮಾಡಿದರೆ ಅವನು ಕಾಪುವಿನಲ್ಲಿದ್ದ, ಅಕ್ಕನ ಮಗಳ ಮದುವೆಯಲ್ಲಿ; ಹಿಂದೆ ಬ್ಯಾಂಡಿನವರು ತಾಳ ನೋಡಿಕೊಳ್ಳುವ ಸದ್ದು ಕೇಳುತ್ತಿತ್ತು. "ಅಕ್ಕ, ಗೇರ್ ಆಯಿಲ್ ಒಮ್ಮೆ ನೋಡಿ. ಕಮ್ಮಿಯಾದ್ರೂ ಹಾಗೆ ಮಾಡ್ತದೆ, ಜಾಸ್ತಿಯಾದ್ರೆ ನೊರೆ ಬಂದು ಆಗ್ಲೂ ಹಾಗೇ ಮಾಡ್ತದೆ. ಹಳದಿ ಕೊಕ್ಕೆ ಎಂಜಿನ್ನಿದ್ದು, ಕೆಂಪು ಕೊಕ್ಕೆ ಗೇರಿದ್ದು. ಎಳೆದ್ರೆ ಕಡ್ಡಿ ಬರ್ತದೆ. ಕಡ್ಡಿಯಲ್ಲಿ ಎರಡು ಗೀಟು ಉಂಟಲ್ವಾ, ಎಣ್ಣೆ ಅದರ ನಡುವೆ ನಿಲ್ಬೇಕು. ಉಳಿದದ್ದು ಮಾಸ್ಟ್ರಿಗೆ ಗೊತ್ತುಂಟಲ್ಲ, ಅವರನ್ನೇ ಕೇಳಿ." ಆಮೇಲೆ ಅವನಿಗೇ ನೆನಪಾಗಿ, "ಅಯ್ಯೋ ದೇವರೇ, ನನಗೆ ಮರೆತೇ ಹೋಗ್ತದೆ ನೋಡಿ," ಎಂದ. ಯಾರೋ ಕರೆದರು, ಫೋನು ಇಟ್ಟ. ಉಳಿದದ್ದು ಏನೆಂದು ಅವನು ಹೇಳಲಿಲ್ಲ, ಅವಳು ತಿರುಗಿ ಕೇಳಲಿಲ್ಲ. ಟ್ಯಾಕ್ಸಿಯವನಿಗೆ ಹೇಳಬಹುದಿತ್ತು, ಮಣಿಪಾಲದ ಆಸ್ಪತ್ರೆಗೆ ಇವತ್ತು ತಪ್ಪದೆ ಮುಟ್ಟಲೇಬೇಕಿತ್ತು. ಅದೂ ಅವಳಿಗೆ ಹೊಳೆಯದೆ ಇರಲಿಲ್ಲ.

ಶೆಡ್ಡಿನಿಂದ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದಾಗ ಎಂಜಿನ್ ಓಡುತ್ತಲೇ ಇತ್ತು. ಓಡುತ್ತಿದ್ದ ಹಾಗೇ ಅವಳು ಕೆಂಪು ಕೊಕ್ಕೆಗೆ ಬೆರಳು ಹಾಕಿದ್ದಳು. ಅಷ್ಟರಲ್ಲಿ ಅವನು ಡ್ರೈವಿಂಗ್ ಕಲಿಸುತ್ತಿದ್ದ ಮೈದಾನ ಕಣ್ಣ ಮುಂದೆ ಎದ್ದು ಬಂತು. ಮದುವೆಯಾದ ಹೊಸತು, ಸ್ಕೂಲಿನ ಬಿಳಿ ಕಾರು, ಸುತ್ತ ನಿಂತ ಶಿಷ್ಯರು, ಅವರಲ್ಲಿ ಅವಳಿಗಿಂತ ಸಣ್ಣವರೂ ಇದ್ದರು, ದೊಡ್ಡವರೂ ಇದ್ದರು. ಎಂಜಿನ್ ಎಣ್ಣೆ ಎಷ್ಟುಂಟು ನೋಡು ಎಂದು ಉಮಾನಾಥ ಹೇಳಿದ್ದ. ಅವಳು ಸಡಗರದಿಂದ ಹೋಗಿ, ಓಡುತ್ತಿದ್ದ ಎಂಜಿನ್ನಿನಿಂದ ಕಡ್ಡಿಯನ್ನು ಸರಕ್ಕನೆ ಎಳೆದಿದ್ದಳು. ಬಿಸಿ ಎಣ್ಣೆ ಅವಳ ಕೆನೆಬಣ್ಣದ ಸೀರೆಯ ಮೇಲೆ, ಗಲ್ಲದ ಮೇಲೆ ಸಿಡಿದಿತ್ತು. ಅವನು ಓಡಿ ಬಂದು ಸುಟ್ಟಿತಾ ಎಂದು ಕೇಳಲಿಲ್ಲ. ಶಿಷ್ಯರ ಕಡೆ ತಿರುಗಿ, "ಓಡುವ ಎಂಜಿನ್ನಿನ ಎಣ್ಣೆ ನೋಡುವ ಹೆಂಗಸನ್ನು ಎಲ್ಲಿಯಾದರೂ ಕಂಡಿದ್ದೀರಾ? ಕಾಣದಿದ್ದರೆ ಇವತ್ತು ಕಂಡುಬಿಡಿ, ಇವಳೇ, ನನ್ನ ಹೆಂಡತಿ," ಎಂದ. ಎಲ್ಲರೂ ನಕ್ಕರು. ಆ ನಗು ಅಲ್ಲಿಗೇ ಮುಗಿದಿದ್ದರೆ ಅವಳು ಮರೆಯುತ್ತಿದ್ದಳೋ ಏನೋ. ಅವನು ಅದನ್ನು ಹೊಸದಾಗಿ ಸೇರಿದ ಪ್ರತಿಯೊಂದು ಬ್ಯಾಚಿಗೂ ಹೇಳಿದ. ಮೊದಲ ಪಾಠವೇ ಅದು, ಎಂಜಿನ್ ಆಫ್ ಮಾಡಿ, ಎಣ್ಣೆ ಕೆಳಗಿಳಿಯಲು ಬಿಟ್ಟು, ಆಮೇಲೆ ಕಡ್ಡಿ ಎಳೆಯಿರಿ, ನನ್ನ ಹೆಂಡತಿಯ ಹಾಗೆ ಮಾಡಬೇಡಿ. ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ, ಮೀನಂಗಡಿಯಲ್ಲಿ ಗುರುತಿಲ್ಲದ ಗಂಡಸರು ಅವಳನ್ನು ನೋಡಿ ತುಟಿ ಒತ್ತಿಕೊಳ್ಳುತ್ತಿದ್ದರು. ಕೊಕ್ಕೆಯಿಂದ ಬೆರಳು ಬಿಡಿಸಿಕೊಂಡು ಸ್ವರ್ಣಲತಾ ಬೇಗ ಬೇಗ ಕಾರಿನ ಬಾಗಿಲಿಗೆ ಹೋಗಿ ಕೀ ತಿರುಗಿಸಿ ಎಂಜಿನ್ ಆಫ್ ಮಾಡಿದಳು. ಎಣ್ಣೆ ಕೆಳಗಿಳಿಯಲೆಂದು ಕಾದಳು.

ಕಾಯುವಾಗ ಅಂಗಳ ಎಷ್ಟು ಶಾಂತವಾಗಿದೆ ಎಂದು ಅನಿಸಿತು. ಈ ಶಾಂತಿ ಅವಳಿಗೆ ಇನ್ನೂ ಹೊಸದು. ಅವನನ್ನು ಆಸ್ಪತ್ರೆಯಿಂದ ಕರೆತಂದ ಮೊದಲ ದಿನಗಳಲ್ಲಿ ಅವಳು ಅತ್ತದ್ದು ನಿಜ, ಯಾರಿಗೂ ತೋರಿಸಲಿಕ್ಕೆ ಅಲ್ಲ. ಮೂಗಿನ ನಳಿಕೆಯಲ್ಲಿ ಗಂಜಿ ತಿಳಿ ಹಾಕುವಾಗ ಕೈ ನಡುಗುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ದೋಸೆ ಕಾವಲಿಯ ಮೇಲೆ ಸೀದುಹೋಯಿತು, ಮನೆ ತುಂಬ ಹೊಗೆ. ಅವಳು ಅಭ್ಯಾಸಬಲದಿಂದ ಹೆಗಲು ಕುಗ್ಗಿಸಿ ನಿಂತಳು, ಬರಬೇಕಾದ ಮಾತು ಬರಲಿಲ್ಲ. ಎಷ್ಟು ಹೊತ್ತು ನಿಂತರೂ ಬರಲಿಲ್ಲ. ಅವಳು ಸೀದ ದೋಸೆಯನ್ನು ಕೆರೆದು ತೆಗೆದು, ಇನ್ನೊಂದು ಹೊಯ್ದು, ಚಟ್ನಿ ಹಾಕಿಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತು ತಿಂದಳು. ಅಂದು ತಿಂದ ಹಾಗೆ ಅವಳು ಎಂದೂ ತಿಂದಿರಲಿಲ್ಲ. ಅವನು ಕೆಟ್ಟವನೇನಲ್ಲ, ಕುಡಿದವನಲ್ಲ, ಕೈ ಎತ್ತಿದವನಲ್ಲ. ಬಾಯಿ ಜೋರು, ಮನಸ್ಸು ಒಳ್ಳೆಯದು ಎಂದು ಊರೇ ಹೇಳುತ್ತಿತ್ತು. ಆ ಒಳ್ಳೆಯ ಮನಸ್ಸು ಎಲ್ಲಿ ಇಟ್ಟುಕೊಂಡಿದ್ದನೋ, ಬಾಯಿಯಂತೂ ಮನೆಯ ಪ್ರತಿ ಕೋಣೆಯಲ್ಲೂ ಇತ್ತು. ಈ ಕಾರನ್ನು ತಂದ ದಿನವೂ ಅಷ್ಟೆ. "ನಿನಗೆ ಕ್ಲಚ್ಚು ಈ ಜನ್ಮದಲ್ಲಿ ಹಿಡಿಯುವುದಿಲ್ಲ. ಇದಕ್ಕೆ ಎರಡೇ ಪೆಡಲು, ಒಂದು ಹೋಗಲಿಕ್ಕೆ, ಒಂದು ನಿಲ್ಲಲಿಕ್ಕೆ. ಇದೂ ಆಗದಿದ್ದರೆ ರಿಕ್ಷಾ ಉಂಟು," ಎಂದು ಎಲ್ಲರೆದುರು ಕೀ ಕೊಟ್ಟಿದ್ದ. ಆದರೆ ಅದನ್ನು ಯಾರ ಕೈಯಲ್ಲೂ ಮುಟ್ಟಿಸದೆ ತಾನೇ ತೊಳೆಯುತ್ತಿದ್ದ, ತಾನೇ ಎಣ್ಣೆ ನೋಡುತ್ತಿದ್ದ. ಅವಳು ಮದುವೆಗೋ ತವರಿಗೋ ಹೊರಟರೆ ಹಿಂದಿನ ಸಂಜೆಯೇ ಚಕ್ರಗಳ ಗಾಳಿ ನೋಡಿಡುತ್ತಿದ್ದ. ಇದೆಲ್ಲ ಈಗ ಯಾಕೆ ನೆನಪಾಗಬೇಕು ಎಂದು ಅವಳಿಗೆ ಸಿಟ್ಟು ಬಂತು.

ತಂಗಿ ವಿಜೇತಾ ಮೊನ್ನೆ ಫೋನಿನಲ್ಲಿ, "ಅಕ್ಕ, ನಿನ್ನ ಸ್ವರ ಈಗ ಬೇರೆಯೇ ಉಂಟು ಮಾರಾಯ್ತಿ, ದೊಡ್ಡದಾಗಿದೆ," ಎಂದಿದ್ದಳು. ತಮಾಷೆಗೆ ಹೇಳಿದ ಮಾತು. ಸ್ವರ್ಣಲತಾ ಹಾಲು ಉಕ್ಕಿತು ಎಂದು ಸುಳ್ಳು ಹೇಳಿ ಫೋನು ಇಟ್ಟಳು. ಅವಳನ್ನು ಹೆದರಿಸುತ್ತಿದ್ದದ್ದು ಮಣಿಪಾಲದ ಆ ಹುಡುಗಿ, ಮಾತು ಕಲಿಸುವ ಮೆಲಿಷಾ. ಚಿತ್ರದ ಕಾರ್ಡು ಹಿಡಿದು, ಹೂವು, ಬಾಳೆಹಣ್ಣು, ಕೊಡೆ ಎಂದು ಉಮಾನಾಥನ ಬಾಯಿಯನ್ನೇ ನೋಡುತ್ತ, ಬೇಸರವೆಂಬುದೇ ಇಲ್ಲದೆ ಕೂರುವ ಹುಡುಗಿ. "ಇವರಿಗೆ ಅರ್ಥ ಎಲ್ಲ ಆಗ್ತದೆ ಆಂಟಿ. ಬಾಗಿಲು ಮಾತ್ರ ತೆರೀಬೇಕು. ನಾನು ಹೇಳಿದ್ದನ್ನು ತಿರುಗಿ ಹೇಳುವುದಲ್ಲ, ತಾನಾಗಿ ಒಂದು ಶಬ್ದ, ಸಂದರ್ಭಕ್ಕೆ ಸರಿಯಾಗಿ ಬಂದ್ರೆ ಸಾಕು. ಬಂದ್ರೆ ದಿನಾ ಬರುವ ಬ್ಯಾಚಿಗೆ ಹಾಕಿಬಿಡುವ, ಮಾತು ಖಂಡಿತ ಬರ್ತದೆ. ಬರದಿದ್ರೆ ಆ ಜಾಗ ಬೇರೆಯವರಿಗೆ ಹೋಗ್ತದೆ, ಆಮೇಲೆ ಮನೆಯಲ್ಲೇ ಏನಾಗ್ತದೋ ಅಷ್ಟೇ," ಎಂದಿದ್ದಳು. ಅದನ್ನು ತೀರ್ಮಾನಿಸುವ ದಿನ ಇವತ್ತು. ಕನ್ನಡಿ ಎದುರು ಕೂರಿಸಿ ಬಾಯಿ ಆಡಿಸಲು ಕೊಟ್ಟ ಅಭ್ಯಾಸಗಳನ್ನು ಮಾಡಿಸುತ್ತಿದ್ದೇನೆ ಎಂದು ಸ್ವರ್ಣಲತಾ ಪ್ರತಿ ಸಲ ಹೇಳಿದ್ದಳು. ಕನ್ನಡಿ ಕಪಾಟಿನಲ್ಲೇ ಇತ್ತು. ಅವನಿಗೆ ಕೈ ಬರಲಿ, ಕಾಲು ಬರಲಿ, ತಾನಾಗಿ ನಡೆದು ಬಚ್ಚಲಿಗೆ ಹೋಗಲಿ ಎಂದು ಅವಳು ನಿಜವಾಗಿ ಬೇಡಿಕೊಂಡಿದ್ದಳು. ಮಾತು ಬರುವುದು ಅವಳಿಗೆ ಬೇಡವಾಗಿತ್ತು.

ಎಣ್ಣೆ ಇಳಿದಿರಬಹುದು ಎನಿಸಿದ ಮೇಲೆ ಕಡ್ಡಿ ಎಳೆದು ಒರೆಸಿ, ತಿರುಗಿ ತೂರಿಸಿ, ಎಳೆದಳು. ಕೆಂಪನೆಯ ಎಣ್ಣೆ ಮೇಲಿನ ಗೀಟನ್ನು ದಾಟಿ ಎಲ್ಲೋ ಹೋಗಿತ್ತು. ಜಾಸ್ತಿಯಾಗಿದೆ, ಹಾಗಾದರೆ ನೊರೆ ಬರುತ್ತಿದೆ, ಅದಕ್ಕೇ ಜಗ್ಗುತ್ತಿದೆ. ತನಗೇ ಗೊತ್ತಾಯಿತಲ್ಲ ಎಂದು ಸಣ್ಣ ಹೆಮ್ಮೆಯಾಯಿತು. ಆಗ ಹಿಂದಿನಿಂದ ಅವನ ದನಿ ಬಂತು, ಎಂದಿನ ಹಾಗೆ ಗಂಟಲಿನಲ್ಲೇ ಹೊರಳುವ ದನಿ. ಅವಳು ತಿರುಗಿ ನೋಡಿದಳು. ಅವನು ಎಡಗೈಯನ್ನು ಗಾಳಿಯಲ್ಲಿ ಎತ್ತಿ ಬೆರಳುಗಳನ್ನು ತಿರುಗಿಸುತ್ತಿದ್ದ. ಕೀ ತಿರುಗಿಸುವ ಕೈ. ಅವಳಿಗೆ ಅರ್ಥವಾಗಲಿಲ್ಲವೆಂದು ಹೇಳಲು ಸಾಧ್ಯವಿರಲಿಲ್ಲ. ಆದರೂ ಅರ್ಥವಾಗಲಿಲ್ಲವೆಂಬಂತೆ ತಿರುಗಿ ಎಂಜಿನ್ನಿನ ಕಡೆ ಬಗ್ಗಿದಳು. ಓಡುವಾಗ ನೋಡಬಾರದೆಂದು ಜನ್ಮವಿಡೀ ಹೇಳಿದವನು ಈಗ ಓಡಿಸು ಎನ್ನುತ್ತಿದ್ದಾನೆಯೆ? ಇನ್ನೊಮ್ಮೆ ಎಣ್ಣೆ ಸಿಡಿಯಲಿ ಎಂದೆ? ಹಿಂದೆ ಕುರ್ಚಿ ಕಿರುಗುಟ್ಟಿತು. ಆಮೇಲೆ ಬಹಳ ಸ್ಪಷ್ಟವಾಗಿ, ಮೈದಾನದಲ್ಲಿ ಹೇಳುತ್ತಿದ್ದಷ್ಟೇ ಸ್ಪಷ್ಟವಾಗಿ, ಕೊನೆಯ ಅಕ್ಷರವನ್ನು ಹಲ್ಲಿನ ಹಿಂದೆ ಬಿಗಿಯಾಗಿ ಮುರಿದು, ಉಮಾನಾಥ ಹೇಳಿದ:

"ಸ್ಟಾರ್ಟ್."

ಎದುರು ಮನೆಯ ತೆಂಗಿನ ಮರದಲ್ಲಿ ಕಾಗೆಯೊಂದು ಗರಿ ಕೊಡವಿಕೊಂಡದ್ದು ಅವಳಿಗೆ ಕೇಳಿಸಿತು. ಕಡ್ಡಿಯ ತುದಿಯಿಂದ ಒಂದು ಕೆಂಪು ಹನಿ ಬಂಪರಿನ ಮೇಲೆ ಬಿತ್ತು. ಆ ಕ್ಷಣದಲ್ಲಿ ಅವಳು ತಿರುಗಿದ್ದರೆ, ಏನು ಹೇಳಿದಿರಿ ಎಂದು ಕೂಗಿದ್ದರೆ, ಓಡಿ ಹೋಗಿ ಅವನ ಕೈ ಹಿಡಿದಿದ್ದರೆ ಎಂದು ಆಮೇಲೆ ಎಷ್ಟು ಸಲ ಯೋಚಿಸಿದರೂ, ಆ ಕ್ಷಣದಲ್ಲಿ ಅವಳಿಗೆ ಅನಿಸಿದ್ದು ಒಂದೇ, ಮುಗಿಯಿತು, ಬಂದುಬಿಟ್ಟಿತು. ಹೆಗಲು ತಾನಾಗಿ ಕುಗ್ಗಿತು. ಕೊನೆಗೆ ತಿರುಗಿ ಅವನ ಮುಖ ನೋಡಿದಳು. ಅವನು ಬೈಯುತ್ತಿರಲಿಲ್ಲ. ನಗುತ್ತಿದ್ದ. ಸೊಟ್ಟಗಾದ ಬಾಯಿಯ ಒಂದೇ ಬದಿಯಿಂದ, ಕಣ್ಣಲ್ಲಿ ನೀರು ತುಂಬಿಕೊಂಡು, ತನ್ನ ಬಾಯಿಂದ ಬಂದದ್ದನ್ನು ತಾನೇ ನಂಬಲಾಗದೆ, ಕೇಳಿದೆಯಾ ಎಂದು ಅವಳನ್ನೇ ನೋಡುತ್ತ ನಗುತ್ತಿದ್ದ.

"ಬಿಸಿಲು ಬರ್ತಾ ಉಂಟು," ಎಂದಳು ಸ್ವರ್ಣಲತಾ. "ಕುರ್ಚಿ ಆಚೆ ಸರಿಸ್ಬೇಕಾ?"

ಅವನ ನಗು ಕೂಡಲೇ ಹೋಗಲಿಲ್ಲ. ಅವಳಿಗೆ ಕೇಳಿಸಿಲ್ಲವೆಂದುಕೊಂಡು ಅವನು ಮತ್ತೆ ಬಾಯಿ ತೆರೆದ, ತುಟಿ ಮುಂದೆ ಮಾಡಿದ, ಕುತ್ತಿಗೆಯ ನರ ಉಬ್ಬಿತು. ಸಿಕ್ಕಿದ ಶಬ್ದ ತಿರುಗಿ ಸಿಗಲಿಲ್ಲ. ಹಳೆಯ ಗೊರಗೊರ ಸದ್ದೇ ಬಂತು, ಬರಬರುತ್ತ ಅದು ಅಳುವಿನ ಹಾಗೆ ಕೇಳತೊಡಗಿತು. ಅವಳು ಒಳಗೆ ಹೋಗಿ ಔಷಧಿಯ ಡಬ್ಬಿಯಿಂದ ದೊಡ್ಡ ಸಿರಿಂಜನ್ನೂ, ತೊಳೆದು ಸುತ್ತಿಟ್ಟಿದ್ದ ನಳಿಕೆಯನ್ನೂ ತಂದಳು. ಅವನಿಗೆ ಗಂಜಿ ತಿಳಿ ಕೊಡುತ್ತಿದ್ದ ನಳಿಕೆ. ಕಡ್ಡಿಯ ತೂತಿನೊಳಗೆ ಅದನ್ನು ಇಳಿಸಿ ಸಿರಿಂಜಿನಿಂದ ಎಳೆದಾಗ ಕೆಂಪು ಎಣ್ಣೆ ಸಲೀಸಾಗಿ ಏರಿ ಬಂತು. ನೀರಿನ ಬಾಟ್ಲಿಯೊಂದಕ್ಕೆ ಬಿಟ್ಟಳು, ಮತ್ತೆ ಎಳೆದಳು, ಮತ್ತೆ ಬಿಟ್ಟಳು, ಕಡ್ಡಿ ನೋಡಿದಳು. ಕೈ ನಡುಗುತ್ತಿರಲಿಲ್ಲ. ಎಣ್ಣೆ ಎರಡು ಗೀಟುಗಳ ನಡುವೆ ಬಂದು ನಿಂತಾಗ ಬಾಟ್ಲಿಯ ಮುಚ್ಚಳ ಬಿಗಿದಳು. ಎಣ್ಣೆಯನ್ನು ಚೆಲ್ಲಿದರೆ ಅವನಿಗೆ ಆಗುತ್ತಿರಲಿಲ್ಲ ಎಂಬ ಕಾರಣಕ್ಕೆ, ಬೇರೆ ಯಾವ ಕಾರಣಕ್ಕೂ ಅಲ್ಲ, ಬಾಟ್ಲಿಯನ್ನೂ ಸಿರಿಂಜನ್ನೂ ನಳಿಕೆಯನ್ನೂ ಡಿಕ್ಕಿಯಲ್ಲಿ ಇಟ್ಟಳು.

ಅವನನ್ನು ಎತ್ತಿ ಎಡಬದಿಯ ಸೀಟಿಗೆ ಹಾಕಿ ಬೆಲ್ಟು ಬಿಗಿಯುವಾಗ ಅವನು ಅವಳ ಮಣಿಕಟ್ಟು ಹಿಡಿದುಕೊಂಡ. ಎಡಗೈಯ ಹಿಡಿತ ಈಗ ಬಿಗಿಯಾಗಿದೆ. ಬಾನೆಟ್ಟಿನ ಕಡೆ ಗದ್ದ ಚಾಚಿ ತಲೆ ಅಲ್ಲಾಡಿಸಿದ, ಮತ್ತೆ ಅಲ್ಲಾಡಿಸಿದ. ಹೊತ್ತಾಗ್ತದೆ ಎಂದು ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬೈಲೂರು ದಾಟುವವರೆಗೆ ಕಾರು ಚೆನ್ನಾಗಿಯೇ ಓಡಿತು. ಜಗ್ಗುವುದು ಕಡಿಮೆಯಾದ ಹಾಗೂ ಅನಿಸಿತು, ಅಥವಾ ಹಾಗೆ ಅನಿಸಲಿ ಎಂದು ಅವಳು ಬಯಸಿದ್ದಳು. ಎದುರು ಬಸ್ಸು ಬಂದಾಗಲೆಲ್ಲ ಅವನು ಎಡಗಾಲನ್ನು ಮುಂದೊತ್ತಿ ಕಾಲಡಿಯ ಮ್ಯಾಟನ್ನು ತುಳಿಯುತ್ತಿದ್ದ. ಸ್ಕೂಲಿನ ಕಾರಿನಲ್ಲಿ ಮಾಸ್ಟ್ರ ಕಡೆಗೂ ಒಂದು ಬ್ರೇಕು ಇರುತ್ತಿತ್ತು. ಈ ಕಾರಿನಲ್ಲಿ ಅಲ್ಲಿ ಏನೂ ಇಲ್ಲ, ಆದರೂ ಮ್ಯಾಟು ಅಷ್ಟು ಜಾಗದಲ್ಲಿ ಸವೆದು ನೂಲು ಎದ್ದಿತ್ತು. ಮೊದಲೆಲ್ಲ ಈ ತುಳಿತ ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಈಗ ಅವಳು ಬೇರೆಯದನ್ನು ಯೋಚಿಸುತ್ತಿದ್ದಳು. ಮೆಲಿಷಾ ಕೇಳುತ್ತಾಳೆ, ಮನೆಯಲ್ಲಿ ಏನಾದರೂ ಹೇಳಿದರಾ ಎಂದು. ಕೇಳಿದರೆ ಹೇಳಬೇಕು. ಹೇಳುತ್ತೇನೆ, ಹೇಳದೆ ಇರಲು ನಾನೇನು ರಾಕ್ಷಸಿಯೆ? ಹೌದು ಮೆಲಿಷಾ, ಇವತ್ತು ಬೆಳಿಗ್ಗೆಯಷ್ಟೇ, ನಾನು ಕಾರಿನ ಎಣ್ಣೆ ನೋಡುವಾಗ. ಮನಸ್ಸಿನಲ್ಲಿ ಆ ವಾಕ್ಯವನ್ನು ಎಷ್ಟು ಸಲ ಶುರುಮಾಡಿದರೂ ಎಣ್ಣೆಯ ಹತ್ತಿರ ಬಂದು ಅದು ನಿಲ್ಲುತ್ತಿತ್ತು. ಹಿರಿಯಡಕದ ಪೇಟೆಯಲ್ಲಿ ಕಾರು ಒಮ್ಮೆ ಮುಗ್ಗರಿಸಿತು. ಅವನು ಅವಳ ಕಡೆ ನೋಡಿದ. ಅವಳು ರಸ್ತೆ ನೋಡಿದಳು.

ಪರ್ಕಳ ಕಳೆದು ಮಣಿಪಾಲದ ಏರು ಹತ್ತುವಾಗ ಎಂಜಿನ್ನಿನ ಸದ್ದು ಇದ್ದಕ್ಕಿದ್ದಂತೆ ಮೇಲಕ್ಕೆ ಹೋಯಿತು, ಕಾರು ಮಾತ್ರ ಹೋಗಲಿಲ್ಲ. ಅವಳು ಇನ್ನಷ್ಟು ತುಳಿದಳು. ಸದ್ದು ಕಿರುಚಾಟವಾಯಿತು, ಕಾರು ಏರಿನ ನಡುವೆ ನಿಂತು, ಒಂದು ಗಳಿಗೆ ಏನನ್ನೋ ಯೋಚಿಸಿ, ಹಿಂದಕ್ಕೆ ಜಾರತೊಡಗಿತು. ಕನ್ನಡಿಯಲ್ಲಿ ಹಿಂದಿದ್ದ ಬಸ್ಸಿನ ಮೂತಿ ದೊಡ್ಡದಾಯಿತು. ಪಕ್ಕದಲ್ಲಿ ಅವನು ಇಲ್ಲದ ಬ್ರೇಕನ್ನು ತುಳಿಯುತ್ತಿದ್ದ, ತುಳಿದು ತುಳಿದು ಸೀಟಿನಿಂದ ಅರ್ಧ ಎದ್ದಿದ್ದ. ಅವಳು ಕೊನೆಗೂ ಇದ್ದ ಬ್ರೇಕನ್ನು ಒತ್ತಿದಳು, ಹ್ಯಾಂಡ್‌ಬ್ರೇಕ್ ಎಳೆದಳು. ಬಸ್ಸಿನವನು ಹಾರ್ನು ಒತ್ತಿ ಹಿಡಿದು, ಬಗಲಿನಿಂದ ದಾಟುವಾಗ ಕಿಟಕಿಯಿಂದ ಬಗ್ಗಿ, "ಎಂತ ಅಮ್ಮ, ಗಾಡಿ ಬಿಡ್ಲಿಕ್ಕೆ ಯಾರು ಕಲಿಸಿದ್ದು ನಿಮಗೆ?" ಎಂದು ಕೂಗಿದ. ಕಿಟಕಿಗಳಲ್ಲಿ ಮುಖಗಳು ಸಾಲಾಗಿ ಅವಳನ್ನು ನೋಡುತ್ತ ಹೋದವು. ಇಬ್ಬರೂ ಸಾಯುತ್ತಿದ್ದೆವು ಎಂದು ಹೊಳೆದು, ಅದರ ಹಿಂದೆಯೇ, ಇನ್ನು ಹೊತ್ತಿಗೆ ಸರಿಯಾಗಿ ಮುಟ್ಟುವುದಿಲ್ಲ ಎಂದೂ ಹೊಳೆದು, ಎರಡನೆಯದು ತಂದ ಹಗುರವನ್ನು ಅವಳು ಸ್ಪಷ್ಟವಾಗಿ ಗುರುತಿಸಿದಳು.

ಕೆಳಗಿನಿಂದ ಬಂದ ತರಕಾರಿ ಟೆಂಪೊ ಪಕ್ಕಕ್ಕೆ ನಿಂತಿತು. ಇಳಿದವನು ನರೆತ ಮೀಸೆಯವನು. ಮೊದಲು ಒಂದು ದೊಡ್ಡ ಕಲ್ಲು ತಂದು ಹಿಂದಿನ ಚಕ್ರಕ್ಕೆ ಕೊಟ್ಟು, ಆಮೇಲೆ ಕಿಟಕಿಗೆ ಬಗ್ಗಿದ. ಬಗ್ಗಿದವನ ಮುಖ ಅರಳಿತು. "ಮಾಸ್ಟ್ರೇ! ನಾನು ಜೋಕಿಮ್, ನಿಮ್ಮ ಕೈಯಲ್ಲೇ ಕಲಿತದ್ದು, ಗೊತ್ತಾಯ್ತಾ?" ಎಂದು ಕಿವುಡರೊಡನೆ ಮಾತಾಡುವಷ್ಟು ಜೋರಾಗಿ ಕೇಳಿದ. ಉಮಾನಾಥ ಎಡಗೈ ಎತ್ತಿದ. ಜೋಕಿಮ್ ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಅವನ ಕಣ್ಣು ತುಂಬಿದ್ದು ಕಂಡು ಸ್ವರ್ಣಲತಾ ಬೇರೆ ಕಡೆ ನೋಡಿದಳು. ಎಣ್ಣೆ ನೋಡಿದ್ದೀರಾ ಎಂದು ಅವನು ಕೇಳಿದಾಗ, ನೋಡಿದೆ, ಜಾಸ್ತಿ ಇತ್ತು, ತೆಗೆದೆ ಎಂದಳು.

"ಎಂಜಿನ್ ಓಡ್ತಾ ಇರುವಾಗ ನೋಡಿದ್ದಲ್ವಾ?"

"ಆಫ್ ಮಾಡಿ."

ಜೋಕಿಮ್ ಹಣೆ ಚಚ್ಚಿಕೊಂಡ. "ಅಯ್ಯೋ ಅಕ್ಕ! ಗೇರಿನ ಎಣ್ಣೆ ಓಡುವಾಗಲೇ ನೋಡ್ಬೇಕು ಮಾರಾಯ್ರೆ, ಅದೂ ಸ್ವಲ್ಪ ದೂರ ಹೋಗಿ ಬಿಸಿಯಾದ ಮೇಲೆ. ಆಫ್ ಮಾಡಿದ್ರೆ ಮೇಲಿದ್ದದ್ದೆಲ್ಲ ಕೆಳಗಿಳಿದು ಜಾಸ್ತಿ ಉಂಟು ಅಂತ ಕಾಣ್ತದೆ. ನೀವು ಇರುವ ಎಣ್ಣೆಯನ್ನೇ ತೆಗೆದುಬಿಟ್ಟಿದ್ದೀರಿ." ಹೇಳುತ್ತಿದ್ದವನಿಗೆ ಏನೋ ನೆನಪಾಗಿ ನಗು ತಡೆಯಲಾಗಲಿಲ್ಲ. "ಮಾಸ್ಟ್ರು ನಮಗೆ ನಿಮ್ಮದೇ ಕಥೆ ಹೇಳ್ತಿದ್ದದ್ದು, ಓಡುವಾಗ ಎಣ್ಣೆ ನೋಡಿದ್ರಂತೆ ನೀವು. ಈ ಗಾಡಿಗೆ ಹಾಗೇ ಮಾಡ್ಬೇಕಿತ್ತು ನೋಡಿ! ಅಲ್ಲ, ಮಾಸ್ಟ್ರು ಪಕ್ಕದಲ್ಲೇ ಇದ್ರಲ್ಲ, ಏನೂ ಹೇಳ್ಲಿಲ್ವಾ?"

ಉಮಾನಾಥ ತಲೆ ಎತ್ತಿದ. ಅವನ ಬಾಯಿ ತೆರೆಯಿತು, ಬಲಬದಿಯ ತುಟಿ ಜೋತಿತು, ಗಂಟಲಿನಲ್ಲಿ ಏನೋ ಹೊರಡಲು ಒದ್ದಾಡಿತು.

"ಅವರಿಗೆ ಮಾತೆಲ್ಲಿ ಬರ್ತದೆ ಜೋಕಿಮ್," ಎಂದಳು ಸ್ವರ್ಣಲತಾ.

ಜೋಕಿಮ್ ನಾಲಿಗೆ ಕಚ್ಚಿಕೊಂಡ. ಏರಿನಲ್ಲಿ ನೋಡಿದರೆ ಕಡ್ಡಿ ಸುಳ್ಳು ಹೇಳುತ್ತದೆ ಎಂದು, ಕಾರನ್ನು ಮೆಲ್ಲಗೆ ಹಿಂದಕ್ಕೆ ಇಳಿಸಿ ಅಂಗಡಿಯೊಂದರ ಎದುರಿನ ಸಮತಟ್ಟು ಜಾಗದಲ್ಲಿ ನಿಲ್ಲಿಸಿದ. ಎಂಜಿನ್ ಓಡುತ್ತಿರುವಾಗಲೇ ಕಡ್ಡಿ ಎಳೆದ; ತುದಿಯಲ್ಲಿ ಮಾತ್ರ ಒಂದಿಷ್ಟು ಕೆಂಪು ಹತ್ತಿತ್ತು. ಡಿಕ್ಕಿಯಿಂದ ಬಾಟ್ಲಿ ತಂದು, ಅದೇ ಸಿರಿಂಜಿನಿಂದ ಅದೇ ನಳಿಕೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಒಳಗೆ ಬಿಟ್ಟ, ಗೇರಿನ ಹಿಡಿಯನ್ನು ಹಿಂದೆ ಮುಂದೆ ಆಡಿಸಿದ, ಮತ್ತೆ ಕಡ್ಡಿ ನೋಡಿದ, ಮತ್ತೆ ಬಿಟ್ಟ. ಬಾಟ್ಲಿ ಪೂರ್ತಿ ಖಾಲಿಯಾದ ಮೇಲೂ ಎಣ್ಣೆ ಕೆಳಗಿನ ಗೀಟನ್ನು ಮುಟ್ಟಿತೋ ಇಲ್ಲವೋ ಎನ್ನುವಷ್ಟೇ ಇತ್ತು. "ಮೊದಲೇ ಕಮ್ಮಿ ಇತ್ತು ಕಾಣ್ತದೆ. ಎಲ್ಲೋ ಸೋರ್ತಾ ಉಂಟು. ಮಣಿಪಾಲಕ್ಕೆ ಹೋಗ್ಬಹುದು, ಅಲ್ಲಿ ಒಂದು ಡಬ್ಬಿ ತೆಗೆದು ಹಾಕಿ," ಎಂದ. ಹೊರಡುವಾಗ ಮತ್ತೆ ಕಿಟಕಿಗೆ ಬಗ್ಗಿ, "ಬೇಗ ಮಾತಾಡಿ ಮಾಸ್ಟ್ರೇ, ನಿಮ್ಮ ಬೈಗುಳ ಕೇಳದೆ ಕಾರ್ಕಳದಲ್ಲಿ ಯಾರಿಗೂ ಗಾಡಿ ಬಿಡ್ಲಿಕ್ಕೆ ಬರುದಿಲ್ಲ ಈಗ," ಎಂದ. ಉಮಾನಾಥ ಜೋಕಿಮ್‌ನನ್ನು ನೋಡಲಿಲ್ಲ. ತೊಡೆಯ ಮೇಲೆ ಸತ್ತು ಬಿದ್ದ ಬಲಗೈಯನ್ನು ಎಡಗೈಯಿಂದ ಸವರುತ್ತಿದ್ದ. ಉಳಿದ ಏರನ್ನು ಕಾರು ಹತ್ತುವಾಗ ಅವನ ಎಡಗಾಲು ಅಲುಗಲಿಲ್ಲ.

ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಗಾಲಿಕುರ್ಚಿ ತಳ್ಳುತ್ತ ಸ್ವರ್ಣಲತಾ, ಮೆಲಿಷಾ ಹೊರಟುಹೋಗಿರಲಿ ಎಂದುಕೊಂಡಳು, ಇರಲಿ ಎಂದೂ ಅಂದುಕೊಂಡಳು. ಮೆಲಿಷಾ ಇದ್ದಳು. ಊಟದ ಡಬ್ಬಿ ತೆರೆದವಳು ಅದನ್ನು ಮುಚ್ಚಿಟ್ಟು, ಕೈ ತೊಳೆದು ಬಂದು, ಬೇಸರವಿಲ್ಲದ ಅದೇ ನಗೆಯೊಂದಿಗೆ ಕಾರ್ಡುಗಳನ್ನು ಹರಡಿದಳು. ಹೂವು. ಕೊಡೆ. ಬಸ್ಸಿನ ಚಿತ್ರ. ಉಮಾನಾಥ ಯಾವುದನ್ನೂ ನೋಡಲಿಲ್ಲ. ನಾಲಿಗೆ ಚಾಚಿ ಎಂದರೆ ಚಾಚಿದ, ಆ ಎನ್ನಿ ಎಂದರೆ ಆ ಎಂದ, ಅಷ್ಟೇ. ಮೆಲಿಷಾ ಕಾರ್ಡುಗಳನ್ನು ಒಟ್ಟು ಮಾಡಿ ಕುರ್ಚಿ ಹತ್ತಿರ ಎಳೆದುಕೊಂಡಳು. "ಇಲ್ಲಿ ಬರದಿದ್ರೆ ಚಿಂತೆ ಇಲ್ಲ ಆಂಟಿ. ಕೆಲವರಿಗೆ ಮನೆಯಲ್ಲೇ ಬರುದು, ಏನಾದ್ರೂ ಅವಸರದಲ್ಲಿ, 'ಹಾಲು' ಅಂತ, 'ಬಿತ್ತು' ಅಂತ. ಬೈಗುಳ ಆದ್ರೂ ಪರವಾಗಿಲ್ಲ. ಒಂದೇ ಒಂದು ಬಂದಿದೆ ಅಂತ ನೀವು ಹೇಳಿ, ಈ ಜಾಗ ನಾನು ಇವರಿಗೇ ಇಡ್ತೇನೆ."

ಸ್ವರ್ಣಲತಾ ಹೇಳಲೆಂದೇ ಬಾಯಿ ತೆರೆದಳು. ದಾರಿಯುದ್ದಕ್ಕೂ ಜೋಡಿಸಿಕೊಂಡ ವಾಕ್ಯ ಅಲ್ಲೇ ಇತ್ತು, ಹೌದು ಮೆಲಿಷಾ, ಇವತ್ತು ಬೆಳಿಗ್ಗೆಯಷ್ಟೇ. ಆದರೆ ಬೆಳಿಗ್ಗೆ ಹೇಳಿದ್ದು ಹೌದಾದರೆ ಬೆಳಿಗ್ಗೆ ಕೇಳಿಸಿದ್ದೂ ಹೌದಾಗುತ್ತದೆ. ಕೇಳಿಸಿಯೂ ಎಣ್ಣೆ ತೆಗೆದದ್ದು, ಕೇಳಿಸಿಯೂ ಅವನನ್ನು ಆ ಏರಿಗೆ ಕರೆದೊಯ್ದದ್ದು. ದಿನಾ ಬರುವ ಬ್ಯಾಚು, ಒಂದೊಂದಾಗಿ ಬರುವ ಶಬ್ದಗಳು, ಕೊನೆಗೊಂದು ದಿನ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅವನು ಇವತ್ತಿನ ಕಥೆಯನ್ನು ಪೂರ್ತಿಯಾಗಿ ಹೇಳುತ್ತಾನೆ, ಬಂದವರಿಗೆಲ್ಲ ಹೇಳುತ್ತಾನೆ, ಜೋಕಿಮ್‌ಗೆ, ಎಡ್ವಿನ್‌ಗೆ, ವಿಜೇತಾಳಿಗೆ. ಈ ಕಥೆಗೆ ಯಾರೂ ನಗುವುದಿಲ್ಲ.

"ಇಲ್ಲ," ಎಂದಳು. "ಏನೂ ಹೇಳಲಿಲ್ಲ."

ಮೆಲಿಷಾ ಅಷ್ಟಕ್ಕೇ ಬಿಡಲಿಲ್ಲ. ಉಮಾನಾಥನ ಎದುರು ಬಗ್ಗಿ, ಅವನ ಮುಖದ ಮಟ್ಟಕ್ಕೆ ತನ್ನ ಮುಖ ತಂದು, "ಹೌದಾ ಸರ್? ಒಂದೂ ಬರ್ಲಿಲ್ವಾ? ಬಂದಿದ್ರೆ ತಲೆ ಆಡಿಸಿ," ಎಂದಳು.

ಅವನು ಮೆಲಿಷಾಳನ್ನು ನೋಡಲಿಲ್ಲ. ಸ್ವರ್ಣಲತಾಳನ್ನು ನೋಡಿದ. ಅವಳು ಸಿಟ್ಟನ್ನು ಎದುರು ನೋಡಿದ್ದಳು, ಸಿಟ್ಟಿದ್ದಿದ್ದರೆ ತಾಳಿಕೊಳ್ಳುತ್ತಿದ್ದಳು. ಅವನು ಅವಳ ಮುಖದಲ್ಲಿ ಏನು ಬರೆದಿದೆ ಎಂದು ಹುಡುಕುತ್ತಿದ್ದ, ಏನು ಹೇಳಿದರೆ ಇವಳಿಗೆ ಸರಿಹೋಗುತ್ತದೆ, ಮನೆಗೆ ಹೋದ ಮೇಲೆ ಏನಾಗುತ್ತದೆ ಎಂದು. ಆ ನೋಟದ ಒಳಗಿನ ಪ್ರತಿ ಮೂಲೆಯೂ ಅವಳಿಗೆ ಗೊತ್ತಿತ್ತು, ಇಷ್ಟು ವರ್ಷ ಅದು ಅವಳದಾಗಿತ್ತು. ಹುಡುಕಿ ಮುಗಿದ ಮೇಲೆ ಅವನು ನಿಧಾನವಾಗಿ ತಲೆಯನ್ನು ಅತ್ತಿತ್ತ ಆಡಿಸಿದ, ಇಲ್ಲ ಎಂದು.

ಮೆಲಿಷಾ ನಿಟ್ಟುಸಿರು ಬಿಟ್ಟು ಎದ್ದಳು. ಅವನ ಬಾಯಿಯ ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು. ಒರೆಸಲೆಂದು ಸ್ವರ್ಣಲತಾ ಕೈ ಎತ್ತಿದಳು, ಅವನು ಕಣ್ಣು ಬಿಗಿಯಾಗಿ ಮುಚ್ಚಿ ಮುಖವನ್ನು ಹಿಂದಕ್ಕೆ ಎಳೆದುಕೊಂಡ.